ಅತ್ತಿಗೆ ತಾನೇ ಎದ್ದು ಹೋದಳು

“ರಾಜಿಗೆ ಕೂತರೆ ನಾವು ಸೋತ ಹಾಗೆ ಆಗ್ತದಲ್ಲ ವಕೀಲರೇ?”

ಕರಾವಳಿಯ ಸಣ್ಣದೊಂದು ಊರಿನ ಕೋರ್ಟಿನಲ್ಲಿ ಮೊದಲು ಸಿವಿಲ್ ವಕೀಲನಾಗಿ, ಈಗ ಕೆಲವು ವರ್ಷಗಳಿಂದ ಮಧ್ಯಸ್ಥಿಕೆಗಾರನಾಗಿಯೂ ಕೆಲಸ ಮಾಡುತ್ತಿದ್ದೇನೆ. ಈ ಪ್ರಶ್ನೆ ಕೇಳದೆ ಒಂದು ವಾರ ಕಳೆದದ್ದು ನೆನಪಿಲ್ಲ. ಕೇಳುವವರು ದಡ್ಡರಲ್ಲ. ಬೋಟು ನಡೆಸುವವರು, ಐಸ್ ಪ್ಲಾಂಟ್ ಹಾಕಿದವರು, ಗಲ್ಫಿನಲ್ಲಿ ದುಡಿದು ಬಂದು ಜಾಗ ಮಾಡಿದವರು. ಮೀನಿನ ದರ ಸಂಜೆಯೊಳಗೆ ಇಳಿಯುತ್ತದೆ ಎಂದು ಗೊತ್ತಾದರೆ ಬೆಳಿಗ್ಗೆಯೇ ಮಾರಿ ಮುಗಿಸುವ ಜಾಣರು. ಆದರೆ ದಾವೆಯ ಮಾತು ಬಂದಾಗ ಮಾತ್ರ ಕೈಯಲ್ಲಿರುವ ಸರಕು ಕೊಳೆಯುವವರೆಗೆ ಕಾಯುತ್ತಾರೆ. ಆಗ ನಾನು ಇನ್ನೂರು ವರ್ಷ ಹಿಂದಿನ ಒಬ್ಬ ಕಡಲ್ಗಳ್ಳಿಯ ಕಥೆ ಹೇಳುತ್ತೇನೆ. ಕಾನೂನಿನ ಪುಸ್ತಕ ತೆರೆದರೆ ಆಕಳಿಸುವವರು ಕಡಲಿನ ಕಥೆಗೆ ಕಿವಿ ಕೊಡುತ್ತಾರೆ.

ಆಕೆಯನ್ನು ಅಂತರ್ಜಾಲದಲ್ಲಿ ಹೆಚ್ಚಾಗಿ ಚಿಂಗ್ ಶಿ ಎನ್ನುತ್ತಾರೆ. ಚೀನೀ ಮೂಲದಲ್ಲಿ ಸಿಗುವ ಹೆಸರು ಝೆಂಗ್ ಯಿ ಸಾವೊ. ಝೆಂಗ್ ಯಿ ಗಂಡನ ಹೆಸರು. ‘ಸಾವೊ’ ಎಂದರೆ ಅಣ್ಣನ ಹೆಂಡತಿ, ನಮ್ಮ ಮಾತಿನಲ್ಲಿ ಅತ್ತಿಗೆ. ಸಾವಿರಾರು ದರೋಡೆಕೋರರು ತಮ್ಮ ನಾಯಕಿಯನ್ನು ಅತ್ತಿಗೆ ಎಂದು ಕರೆಯುತ್ತಿದ್ದರು ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ. ಹುಟ್ಟುಹೆಸರು ಷಿ ಯಾಂಗ್. ಹುಟ್ಟಿದ್ದು 1775ರ ಸುಮಾರಿಗೆ, ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯದಲ್ಲಿ. ಗ್ವಾಂಗ್‌ಝೌ ನಗರದ ನದಿಯಲ್ಲಿ ತೇಲುವ ವೇಶ್ಯಾಗೃಹದ ದೋಣಿಗಳಲ್ಲಿ ಇದ್ದವಳು ಎನ್ನುತ್ತಾರೆ. 1801ರಲ್ಲಿ ಝೆಂಗ್ ಯಿಯನ್ನು ಮದುವೆಯಾದಳು. ಮದುವೆಗೆ ಮೊದಲೇ ಅರ್ಧ ಪಾಲಿಗೆ ಕರಾರು ಬರೆಸಿಕೊಂಡಳು ಎಂದು ಎಲ್ಲರೂ ಹೇಳುವ ಕಥೆಯನ್ನು ನಾನು ಹೇಳುವುದಿಲ್ಲ. ಅದು ಸೊಗಸಾದ ಕಥೆ, ಆದರೆ ಪುರಾವೆಯಾಗಿ ನಿಲ್ಲುವುದಿಲ್ಲ.

ಪುರಾವೆಯಾಗಿ ನಿಲ್ಲುವ ಕರಾರು ಬೇರೆ ಇದೆ. ವಕೀಲನ ಕಣ್ಣಿಗೆ ಅದು ಕತ್ತಿಗಿಂತ ಹೊಳೆಯುತ್ತದೆ. ಝೆಂಗ್ ಯಿ ಮತ್ತು ಅವನಂಥವರು 1790ರ ದಶಕದಲ್ಲಿ ವಿಯೆಟ್ನಾಮಿನ ತೇಯ್ ಸನ್ ದೊರೆಗಳ ಪರವಾಗಿ ಕಡಲಲ್ಲಿ ಹೋರಾಡಿ ಹೊಟ್ಟೆ ಹೊರೆಯುತ್ತಿದ್ದರು. 1802ರಲ್ಲಿ ಆ ದೊರೆತನ ಬಿದ್ದುಹೋಯಿತು. ಆಶ್ರಯ ತಪ್ಪಿದ ತಂಡಗಳು ಚೀನಾ ತೀರಕ್ಕೆ ಮರಳಿ ಬಂದು ಒಬ್ಬರ ಮೇಲೊಬ್ಬರು ಬಿದ್ದವು. ಹೀಗೇ ಆದರೆ ಎಲ್ಲರೂ ಮುಳುಗುತ್ತೇವೆ ಎಂದು ತಿಳಿದು 1805ರಲ್ಲಿ ಏಳು ಜನ ನಾಯಕರು ಕೂತು ಒಂದು ಒಪ್ಪಂದ ಬರೆದುಕೊಂಡರು. ಪ್ರತಿ ಹಡಗಿಗೂ ನೋಂದಣಿ, ಮೂತಿಯ ಮೇಲೆ ಕಾಣುವ ಹಾಗೆ ಸಂಖ್ಯೆ. ಬೇರೆ ತಂಡದ ಬಾವುಟ ಹಾರಿಸಿ ಮೋಸ ಮಾಡಿದರೆ ಹಡಗೂ ಆಯುಧವೂ ಜಪ್ತಿ. ಹಣ ಕೊಟ್ಟು ರಹದಾರಿ ಚೀಟಿ ಪಡೆದ ವರ್ತಕನ ಹಡಗನ್ನು ಮುಟ್ಟಿದರೆ ಮುಟ್ಟಿದವನೇ ನಷ್ಟ ಕಟ್ಟಿಕೊಡಬೇಕು. ಆಮೇಲೆ ಕೆಂಪು, ಕಪ್ಪು, ಬಿಳಿ, ಹಸಿರು, ನೀಲಿ, ಹಳದಿ ಎಂದು ಆರು ಬಾವುಟದ ಪಡೆಗಳು ನಿಂತವು. ಎಲ್ಲ ಸೇರಿ ಸುಮಾರು 400 ಹಡಗು, 40,000ದಿಂದ 60,000 ಜನ ಎಂದು ವಿದ್ವಾಂಸರ ಅಂದಾಜು. ಕೆಂಪು ಬಾವುಟ ಝೆಂಗ್ ಯಿಯದು, ಎಲ್ಲಕ್ಕಿಂತ ದೊಡ್ಡದು.

1807ರ ನವೆಂಬರಿನಲ್ಲಿ ಝೆಂಗ್ ಯಿ ಸತ್ತ. ಹೆಂಡತಿಗೆ ಮೂವತ್ತೆರಡರ ಆಸುಪಾಸು, ಇಬ್ಬರು ಚಿಕ್ಕ ಗಂಡುಮಕ್ಕಳು. ಪಾಲುದಾರಿಕೆಯ ಯಜಮಾನ ತೀರಿಕೊಂಡ ಮೇಲೆ ಮನೆಯಲ್ಲಿ ಏನು ನಡೆಯುತ್ತದೆ ಎಂದು ನನ್ನ ವೃತ್ತಿಯವರಿಗೆ ಹೇಳಬೇಕಾಗಿಲ್ಲ. ಹದಿಮೂರನೇ ದಿನದ ಊಟದ ಎಲೆ ಎತ್ತುವ ಮೊದಲೇ ಭಾವ, ಮೈದುನ, ಪಾಲುದಾರ ಎಲ್ಲರೂ ಕೀಲಿಕೈ ಕೇಳುತ್ತಾರೆ. ಆಕೆ ಗಂಡನ ಕಡೆಯ ನೆಂಟರನ್ನು ಒಬ್ಬೊಬ್ಬರನ್ನಾಗಿ ಕಂಡು ತನ್ನ ಕಡೆಗೆ ಮಾಡಿಕೊಂಡಳು. ದಿನದಿನದ ಹೋರಾಟದ ದಂಡನಾಯಕತ್ವವನ್ನು ಝಾಂಗ್ ಬಾವೊ ಎಂಬ ಯುವಕನಿಗೆ ವಹಿಸಿದಳು. ಇವನು ಶಿನ್‌ಹುಯಿ ಕಡೆಯ ಮೀನುಗಾರನ ಮಗ, ಹದಿನೈದನೇ ವಯಸ್ಸಿನಲ್ಲಿ ಕಡಲ್ಗಳ್ಳರಿಗೆ ಸೆರೆ ಸಿಕ್ಕವನು, ಝೆಂಗ್ ಯಿಯ ಸಾಕುಮಗ. ಮುಂದೆ ಆಕೆಯ ಗಂಡನೂ ಆದ. ನಮ್ಮ ಬೋಟಿನವರ ಮಾತಿನಲ್ಲಿ ಹೇಳುವುದಾದರೆ ಆಕೆ ಮಾಲೀಕಳಾಗಿ ಉಳಿದು, ಬೋಟು ನಡೆಸಲು ಒಳ್ಳೆಯ ತಾಂಡೇಲನನ್ನು ಹುಡುಕಿಕೊಂಡಳು.

ಈ ಪಡೆಯ ಕಟ್ಟಳೆಗಳೆಂದು ಇವತ್ತು ಹರಿದಾಡುವ ಉದ್ದ ಪಟ್ಟಿಗಳಲ್ಲಿ ಬಹಳಷ್ಟು ಆಮೇಲೆ ಸೇರಿಸಿದ್ದು. 1830ರಲ್ಲಿ ಯುವಾನ್ ಯೋಂಗ್‌ಲುನ್ ಎಂಬ ಚೀನೀ ಲೇಖಕ ಬರೆದ ವೃತ್ತಾಂತದಲ್ಲಿ ಮೂರೇ ಕಟ್ಟಳೆ ಇವೆ, ಅದೂ ಝಾಂಗ್ ಬಾವೊನ ಹೆಸರಿನಲ್ಲಿ. ಅದರಲ್ಲೊಂದು ಹೀಗೆ: ದೋಚಿದ್ದರಲ್ಲಿ ಎಂಟು ಪಾಲು ಸಾಮಾನ್ಯ ಉಗ್ರಾಣಕ್ಕೆ, ಎರಡು ಪಾಲು ತಂದವನಿಗೆ, ಲೆಕ್ಕಕ್ಕೆ ಬರೆಯುವ ಮೊದಲು ಯಾರೂ ಮುಟ್ಟಬಾರದು. ಅತ್ತಿಗೆಯ ಬಗ್ಗೆ ಅವನು ಬರೆಯುವುದು ಬೇರೆಯೇ ಗುಣ. ವ್ಯವಹಾರದಲ್ಲಿ ಬಲು ಜಾಗರೂಕಳು, ಸಣ್ಣ ಕೆಲಸಕ್ಕೂ ಬರಹದಲ್ಲಿ ಅರ್ಜಿ ಬೇಕು ಎನ್ನುವವಳು. ಪುಸ್ತಕದಲ್ಲಿ ದರೋಡೆ ಎಂದು ಬರೆಯುತ್ತಿರಲಿಲ್ಲವಂತೆ, ಸರಕು ಸಾಗಣೆ ಎಂಬರ್ಥದ ಮಾತು ಬರೆಯುತ್ತಿದ್ದರಂತೆ.

ಇಲ್ಲಿ ಒಂದು ನೆನಪು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಮೀನು ಮಾರುವ ಒಬ್ಬ ಅಮ್ಮ ಗಂಡ ಸತ್ತ ಆರು ತಿಂಗಳಿಗೆ ನನ್ನ ಆಫೀಸಿಗೆ ಬಂದಿದ್ದರು. ಕೈಯಲ್ಲಿ ಮಗಳ ಶಾಲೆಯ ಹಳೆ ನೋಟ್‌ಬುಕ್ಕು. ಗಂಡ ಯಾರಿಗೆ ಎಷ್ಟು ಕೊಟ್ಟ, ಯಾರಿಂದ ಎಷ್ಟು ಬರಬೇಕು, ಎಲ್ಲ ತಾರೀಕು ಸಮೇತ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದರು. ಎದುರು ಪಾರ್ಟಿಯವರು ಎರಡು ಕಾರಿನಲ್ಲಿ ಬಂದಿದ್ದರು, ಅವರ ಬಳಿ ಒಂದು ಚೀಟಿಯೂ ಇರಲಿಲ್ಲ. ಒಂದೇ ಮಧ್ಯಾಹ್ನದಲ್ಲಿ ಮುಗಿಯಿತು. ಆ ಅಮ್ಮ ನೋಟ್‌ಬುಕ್ಕನ್ನು ಸೆರಗಿಗೆ ಒರೆಸಿ ಚೀಲಕ್ಕೆ ಹಾಕಿಕೊಂಡು ಹೋದದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಯುವಾನ್ ಬರೆದದ್ದನ್ನು ಓದುವಾಗೆಲ್ಲ ನನಗೆ ಅವರದೇ ಮುಖ.

1808ರಲ್ಲಿ ಈ ಪಡೆ ಗ್ವಾಂಗ್‌ಡಾಂಗಿನ ಸರ್ಕಾರಿ ನೌಕಾಪಡೆಯನ್ನು ಹೊಡೆದು ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಸಿತು. 1809ರಲ್ಲಿ ಬಾಯ್ ಲಿಂಗ್ ಎಂಬ ಹೊಸ ಗವರ್ನರ್-ಜನರಲ್ ಬಂದ. ಅವನು ಹಡಗಿಗೆ ಹಡಗು ಕಟ್ಟಿ ಹೋರಾಡಲು ಹೋಗಲಿಲ್ಲ. ಉಪ್ಪಿನ ಸಾಗಣೆಯನ್ನು ನೆಲದ ದಾರಿಗೆ ತಿರುಗಿಸಿದ, ತೀರದಿಂದ ಕಡಲ್ಗಳ್ಳರಿಗೆ ಅಕ್ಕಿ, ಮದ್ದುಗುಂಡು ಸಿಗದಂತೆ ಬಿಗಿ ಮಾಡಿದ. ಕಡಲಲ್ಲಿ ಬೇಟೆ ಸಿಗದಾದಾಗ ಅವರು ಪರ್ಲ್ ನದಿಯ ಕವಲುಗಳೊಳಗೆ ನುಗ್ಗಿ ಹಳ್ಳಿಗಳನ್ನು ಸುಟ್ಟರು. ಆ ಸೆಪ್ಟೆಂಬರಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಹಡಗೊಂದರ ಅಧಿಕಾರಿ ರಿಚರ್ಡ್ ಗ್ಲಾಸ್‌ಪೂಲ್ ಅವರ ಕೈಗೆ ಸಿಕ್ಕ. ಡಿಸೆಂಬರಿನವರೆಗೆ ಸೆರೆಯಲ್ಲಿದ್ದು, ಬಿಡುಗಡೆಯಾದ ಮೇಲೆ ಕಂಡದ್ದನ್ನು ಬರೆದಿಟ್ಟ. ಅವನನ್ನು ಬಿಡಿಸಲು ಡಾಲರುಗಳ ಜೊತೆಗೆ ಬಟ್ಟೆಯ ಗಂಟು, ಅಫೀಮಿನ ಪೆಟ್ಟಿಗೆ, ಸಿಡಿಮದ್ದಿನ ಪೀಪಾಯಿ, ಒಂದು ದೂರದರ್ಶಕ ಕೊಡಬೇಕಾಯಿತು.

ನವೆಂಬರಿನಲ್ಲಿ ನಡೆದದ್ದನ್ನು ನಿಧಾನವಾಗಿ ಓದಬೇಕು, ನನ್ನ ಮಾತೆಲ್ಲ ಅದರ ಮೇಲೆಯೇ ನಿಂತಿದೆ. ಲಾಂಟೌ ದ್ವೀಪದ ಕೊಲ್ಲಿಯಲ್ಲಿ, ಇವತ್ತಿನ ಹಾಂಗ್‌ಕಾಂಗ್ ವಿಮಾನ ನಿಲ್ದಾಣ ಇರುವ ಜಾಗದ ಪಕ್ಕದಲ್ಲಿ, ಕೆಂಪು ಬಾವುಟದ ಪಡೆ ಸಿಕ್ಕಿಬಿತ್ತು. ಮಕಾವಿನ ಪೋರ್ಚುಗೀಸರ ಹಡಗುಗಳೂ ಸರ್ಕಾರಿ ಪಡೆಯೂ ಸೇರಿ ಕೊಲ್ಲಿಯ ಬಾಯಿ ಮುಚ್ಚಿದವು. ಬೆಂಕಿ ಹಚ್ಚಿದ ಹಡಗುಗಳನ್ನು ಗಾಳಿಗೆ ಬಿಟ್ಟು ಒಳಗೆ ತೇಲಿಸಿದರು. ಕಡಲ್ಗಳ್ಳರು ಅವುಗಳನ್ನು ಹಗ್ಗ ಹಾಕಿ ದಡಕ್ಕೆಳೆದು, ಬೆಂಕಿ ಆರಿಸಿ, ಒಡೆದು ಸೌದೆ ಮಾಡಿಕೊಂಡರು ಎಂದು ಗ್ಲಾಸ್‌ಪೂಲ್ ಬರೆಯುತ್ತಾನೆ. ಗುಂಡು ತಗಲದಿರಲಿ ಎಂದು ನಾಯಕನ ಹೆಂಡತಿ ಸೆರೆಯಲ್ಲಿದ್ದ ತನ್ನ ಮೇಲೆ ಮತ್ತೆ ಮತ್ತೆ ಬೆಳ್ಳುಳ್ಳಿ ನೀರು ಚಿಮುಕಿಸುತ್ತಿದ್ದಳು ಎಂದೂ ಬರೆದಿದ್ದಾನೆ. ಸೆರೆಯಾಳಿಗೂ ದೃಷ್ಟಿ ತೆಗೆಯುವ ಆ ಕೈಯನ್ನು ನಾನು ಮರೆಯಲಾರೆ. ಕೊನೆಗೆ ಗಾಳಿ ತಿರುಗಿತು, ಅವರು ಮುತ್ತಿಗೆ ಸೀಳಿಕೊಂಡು ಹೊರಟುಹೋದರು.

ಅಂದರೆ ಅವರು ಸೋತಿರಲಿಲ್ಲ. ಹೀಗಿದ್ದೂ ಐದು ತಿಂಗಳಿಗೆ ಆಕೆ ರಾಜಿಗೆ ಕೂತಳು.

“ಗೆದ್ದ ಮೇಲೆ ಯಾಕೆ ಮಾರಾಯ್ರೆ?” ಎಂದು ಎಲ್ಲರೂ ಕೇಳುವುದು ಇಲ್ಲೇ. ದಯವಿಟ್ಟು ಇದೊಂದನ್ನು ಸಾವಧಾನದಿಂದ ಕೇಳಿ. ಮಾತುಕತೆಯ ಮೇಜಿನಲ್ಲಿ ನಿಮ್ಮ ಬಲ ಎಂದರೆ, ನೀವು ಒಪ್ಪದೆ ಎದ್ದು ಹೋದರೆ ಎದುರಿನವನಿಗೆ ಆಗುವ ನಷ್ಟ. ನವೆಂಬರಿನ ನಂತರ ಆ ನಷ್ಟದ ಹೆದರಿಕೆ ಬಾಯ್ ಲಿಂಗ್‌ಗೆ ತುಂಬ ಇತ್ತು. ಎಲ್ಲ ಬಲ ಒಟ್ಟು ಹಾಕಿ ಮುಚ್ಚಿದ ಕೊಲ್ಲಿಯಿಂದ ಅವರು ತಪ್ಪಿಸಿಕೊಂಡಿದ್ದರು, ಮತ್ತೆ ಅಂಥ ಪಡೆ ಕೂಡಿಸಲು ಹಣವೂ ಕಾಲವೂ ಬೇಕು, ಮೇಲಿನಿಂದ ಚಕ್ರವರ್ತಿಯ ಕಣ್ಣು. ಆದರೆ ಅತ್ತಿಗೆಯ ಕಡೆಯಲ್ಲೂ ಕೆಳಗಿನಿಂದ ಮಣ್ಣು ಜರಿಯುತ್ತಿತ್ತು. ಕೊಲ್ಲಿಯಲ್ಲಿ ಸಿಕ್ಕಿಬಿದ್ದಾಗ ಕಪ್ಪು ಬಾವುಟದ ಗುವೊ ಪೊಡಾಯ್ ನೆರವಿಗೆ ಬರಲಿಲ್ಲ. ಆಮೇಲೆ ಝಾಂಗ್ ಬಾವೊನ ಜೊತೆ ಹೊಡೆದಾಡಿದ. 1810ರ ಜನವರಿಯಲ್ಲಿ ತನ್ನ ಜನ, ಹಡಗು ಸಮೇತ ಸರ್ಕಾರಕ್ಕೆ ಶರಣಾಗಿ ಹುದ್ದೆ ಪಡೆದ. ಅಕ್ಕಿ ಸಿಗುವುದು ಕಷ್ಟವಾಗುತ್ತ ಬಂತು. ಆಕೆಯ ಬಲ ಅವತ್ತಿನ ಮಟ್ಟಿಗೆ ದೊಡ್ಡದೇ, ಆದರೆ ಮುಂದಿನ ಮಳೆಗಾಲಕ್ಕೆ ಅಷ್ಟೇ ಉಳಿಯುವುದಿಲ್ಲ ಎಂಬುದು ಆಕೆಗೆ ಕಾಣಿಸಿತು. ಬಾಯ್ ಲಿಂಗ್‌ಗೆ ಅದು ಇನ್ನೂ ಪೂರ್ತಿ ಕಂಡಿರಲಿಲ್ಲ. ಈ ಎರಡರ ನಡುವಿನ ಅಂತರವೇ ರಾಜಿಯ ಕಾಲ. ನಿಮ್ಮ ಕೇಸಿನಲ್ಲಿ ನಿಮಗೆ ಕಾಣುವ ಬಿರುಕು ಎದುರಿನವನಿಗೂ ಕಂಡ ದಿನ ನಾನು ನಿಮಗೆ ಮಾಡಬಹುದಾದದ್ದು ಬಹಳ ಕಡಿಮೆ.

ನಮ್ಮವರು ಬರುವುದು ಆ ದಿನ ಕಳೆದ ಮೇಲೆಯೇ. ದೊಡ್ಡ ಸುತ್ತುಬಲೆ ಹಾಕುವ ಒಂದು ಪರ್ಸೀನ್ ಬೋಟಿನ ಇಬ್ಬರು ಪಾಲುದಾರರು, ಬಾಲ್ಯದ ಗೆಳೆಯರು, ಲೆಕ್ಕದ ತಕರಾರಿನಲ್ಲಿ ಕೋರ್ಟಿಗೆ ಬಂದರು. ಬೋಟು ದಕ್ಕೆಯಲ್ಲೇ ನಿಂತಿತು. ಮೊದಲ ವರ್ಷವೇ ನಾನು ಹೇಳಿದ್ದೆ, ಒಬ್ಬರು ಬೋಟು ಇಟ್ಟುಕೊಳ್ಳಿ, ಇನ್ನೊಬ್ಬರಿಗೆ ಕಂತಿನಲ್ಲಿ ದುಡ್ಡು ಕೊಡಿ ಎಂದು. ಇಬ್ಬರೂ ಕೇಸು ಗೆಲ್ಲುವ ಭರವಸೆಯಲ್ಲಿದ್ದರು. ಒಂಬತ್ತು ಮಳೆಗಾಲ ಕಳೆಯಿತು. ಕೊನೆಗೆ ರಾಜಿ ಅರ್ಜಿಗೆ ಸಹಿ ಹಾಕುವಾಗ ಹಂಚಿಕೊಳ್ಳಲು ಉಳಿದದ್ದು ತುಕ್ಕು ಹಿಡಿದ ಇಂಜಿನ್ನು ಮತ್ತು ಗುಜರಿಯವನು ಹೇಳಿದ ದರ. ಗೆದ್ದವ ಸೋತ, ಸೋತವ ಸತ್ತ ಎಂಬ ಗಾದೆಯನ್ನು ಊರಿನ ಪ್ರತಿ ಮಗುವೂ ಬಲ್ಲದು. ಆದರೂ ಪ್ರತಿಯೊಬ್ಬರೂ ಅದು ತಮಗೆ ಹೇಳಿದ್ದಲ್ಲ ಎಂದುಕೊಂಡೇ ಮೆಟ್ಟಿಲು ಹತ್ತುತ್ತಾರೆ.

ಇನ್ನು ಎರಡನೇ ಕಗ್ಗಂಟು. “ಅವರೇ ಮೊದಲು ಬರಲಿ, ನಾವ್ಯಾಕೆ ಹೋಗ್ಬೇಕು?” 1810ರ ಫೆಬ್ರವರಿಯಲ್ಲಿ ಝಾಂಗ್ ಬಾವೊ ಮತ್ತು ಬಾಯ್ ಲಿಂಗ್ ನದೀಮುಖದಲ್ಲಿ ಹಡಗುಗಳ ನಡುವೆಯೇ ಭೇಟಿಯಾಗಿ ಮಾತಾಡಿದರು. ಎರಡೂ ಕಡೆ ಫಿರಂಗಿ, ಎರಡೂ ಕಡೆ ಬಾವುಟ. ಎಷ್ಟು ಹಡಗು ಇಟ್ಟುಕೊಳ್ಳಬಹುದು ಎಂಬಲ್ಲಿ ಮಾತು ಸಿಕ್ಕಿಹಾಕಿಕೊಂಡಿತು. ಅಷ್ಟರಲ್ಲಿ ವಿದೇಶಿ ವ್ಯಾಪಾರದ ಹಡಗುಗಳು ಆ ದಾರಿಯಲ್ಲಿ ಹಾದು ಹೋದವು. ಇದು ತಮ್ಮನ್ನು ಹಿಡಿಯಲು ಹೂಡಿದ ಬಲೆ ಎಂದುಕೊಂಡು ಕಡಲ್ಗಳ್ಳರು ಹಾಯಿ ಎತ್ತಿ ಹೊರಟೇ ಬಿಟ್ಟರು. ನನಗೆ ಇದರಲ್ಲಿ ಆಶ್ಚರ್ಯವಿಲ್ಲ. ಎರಡೂ ಕಡೆಯ ಗಂಡಸರು ನೆಂಟರಿಷ್ಟರ ದಂಡು ಕಟ್ಟಿಕೊಂಡು ಬಂದ ದಿನ ನನ್ನ ಕೊಠಡಿಯಲ್ಲೂ ಒಂದೂ ಮಾತು ಮುಂದೆ ಹೋಗುವುದಿಲ್ಲ. ಹೊರಗೆ ಯಾರೋ ಬೈಕು ಸ್ಟಾರ್ಟ್ ಮಾಡಿದರೂ ಒಳಗಿದ್ದವರು ಎದ್ದು ನಿಲ್ಲುತ್ತಾರೆ.

ಏಪ್ರಿಲಿನಲ್ಲಿ ಅತ್ತಿಗೆ ತಾನೇ ಎದ್ದು ಹೊರಟಳು. ಆಯುಧ ಇಲ್ಲ, ಹಡಗಿನ ಸಾಲಿಲ್ಲ. ಹೆಂಗಸರು ಮಕ್ಕಳು ಸೇರಿ ಹದಿನೇಳು ಜನರನ್ನು ಜೊತೆಗೆ ಕರೆದುಕೊಂಡು ಗ್ವಾಂಗ್‌ಝೌ ನಗರಕ್ಕೆ, ಬಾಯ್ ಲಿಂಗ್‌ನ ಕಚೇರಿಗೇ ಹೋಗಿ ಕೂತಳು. ನನ್ನ ಕೆಲಸದ ಅನುಭವದಿಂದ ಹೇಳುವುದಾದರೆ ಆ ಒಂದು ನಡೆ ಎರಡು ಗಂಟು ಬಿಡಿಸಿತು. ಬಲೆ, ಮೋಸ ಎಂಬ ಅನುಮಾನ ಎದುರಿನವನ ಮನಸ್ಸಿನಲ್ಲಿ ಕರಗಿತು, ಮಕ್ಕಳನ್ನು ಕಟ್ಟಿಕೊಂಡು ಯಾರೂ ಮೋಸಕ್ಕೆ ಹೊರಡುವುದಿಲ್ಲ. ಜೊತೆಗೆ ಅವನ ಮರ್ಯಾದೆ ಉಳಿಯಿತು, ಕಡಲ್ಗಳ್ಳಿಯೇ ತನ್ನ ಬಾಗಿಲಿಗೆ ಬಂದಳು ಎಂದು ಅವನು ಚಕ್ರವರ್ತಿಗೆ ಬರೆಯಬಹುದಾಗಿತ್ತು. ಮರ್ಯಾದೆಯನ್ನು ಅವನಿಗೆ ಬಿಟ್ಟುಕೊಟ್ಟು ಆಕೆ ಹಡಗುಗಳನ್ನು ಕೇಳಿದಳು. ಹೊರಗೆ ಕಡಲಲ್ಲಿ ಝಾಂಗ್ ಬಾವೊನ ಪಡೆ ಹಾಗೆಯೇ ಇತ್ತು ಎಂಬುದನ್ನು ಮರೆಯಬೇಡಿ. ಬಲ ಇಲ್ಲದವನು ಕೈಮುಗಿದು ಹೋದರೆ ಅದು ಬೇಡಿಕೆ ಆಗುತ್ತದೆ. ಆಕೆ ಹೋದದ್ದು ಬಲ ಇಟ್ಟುಕೊಂಡು, ಅದನ್ನು ಕೋಣೆಯ ಒಳಗೆ ತರದೆ.

ಏಪ್ರಿಲ್ 20ರಂದು ಶರಣಾಗತಿ ನಡೆಯಿತು. ಲೆಕ್ಕ ಹೀಗೆ ಉಳಿದುಬಂದಿದೆ: 17,318 ಜನ, 226 ಹಡಗು, 1,315 ಫಿರಂಗಿ, 2,798 ಇತರ ಆಯುಧ. ಝಾಂಗ್ ಬಾವೊನಿಗೆ ಸರ್ಕಾರಿ ಸೈನ್ಯದಲ್ಲಿ ಅಧಿಕಾರಿಯ ಹುದ್ದೆ ಸಿಕ್ಕಿತು, ಇಪ್ಪತ್ತು ಮೂವತ್ತು ಹಡಗು ತನ್ನದೇ ಆಗಿ ಉಳಿಯಿತು. ಸೈನ್ಯಕ್ಕೆ ಸೇರಬಯಸಿದವರಿಗೆ ಕೆಲಸ, ನೆಲಕ್ಕೆ ಇಳಿದವರಿಗೆ ಹಂದಿಮಾಂಸ, ಮದ್ಯ, ಸ್ವಲ್ಪ ಹಣ. ಎಲ್ಲರಿಗೂ ಕ್ಷಮೆ ಸಿಗಲಿಲ್ಲ. 126 ಜನರನ್ನು ಕೊಂದರು, 151 ಜನರಿಗೆ ಶಾಶ್ವತ ಗಡಿಪಾರು, 60 ಜನರಿಗೆ ಎರಡು ವರ್ಷದ್ದು. ಶರಣಾದವರಲ್ಲಿ ಬಹುಪಾಲು ಜನ ತಲೆ ಉಳಿಸಿಕೊಂಡು ಹೋದರು. ಎರಡು ತಿಂಗಳಲ್ಲಿ ಝಾಂಗ್ ಬಾವೊ ಸರ್ಕಾರದ ಪರವಾಗಿ ಹೋಗಿ, ಮಣಿಯದೆ ಉಳಿದಿದ್ದ ನೀಲಿ ಬಾವುಟದ ನಾಯಕನನ್ನು ಸೋಲಿಸಿದ. ಆ ನಾಯಕನಿಗೆ ಸಿಕ್ಕಿದ್ದು ಮರಣದಂಡನೆ. ಕಾದು ಕೂತವನಿಗೂ ಎದ್ದು ಹೋದವಳಿಗೂ ನಡುವೆ ಇದ್ದದ್ದು ಅಷ್ಟೇ ಕಾಲ.

ಈ ಕಥೆಯನ್ನು ಹೇಳುವಾಗ ನನಗೆ ಒಂದು ಕಡೆ ಸಂಕಟವಾಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಹಿಂದಿನ ವರ್ಷವಷ್ಟೇ ಈ ಪಡೆ ನದಿಯ ಹಳ್ಳಿಗಳಲ್ಲಿ ಜನರ ತಲೆ ಕಡಿದಿತ್ತು, ಹೆಂಗಸರನ್ನು ಹೊತ್ತೊಯ್ದಿತ್ತು. ಗ್ವಾಂಗ್‌ಝೌ ಕಚೇರಿಯಲ್ಲಿ ನಡೆದ ಮಾತುಕತೆಯಲ್ಲಿ ಆ ಹಳ್ಳಿಯವರ ಪರವಾಗಿ ಯಾರೂ ಕೂತಿರಲಿಲ್ಲ. ದೋಚಿದ್ದನ್ನು ದೋಚಿದವರೇ ಇಟ್ಟುಕೊಂಡರು. ನಮ್ಮ ಕಾನೂನಿನಲ್ಲಿ ಕಕ್ಷಿಯಲ್ಲದವರನ್ನು ರಾಜಿ ಕಟ್ಟಿಹಾಕುವುದಿಲ್ಲ, ಕೊಲೆ ಅತ್ಯಾಚಾರದಂಥವು ರಾಜಿಯ ಮೇಜಿಗೆ ಬರುವ ವಿಷಯಗಳೇ ಅಲ್ಲ, ಇದು ಸರಿಯಾದದ್ದೇ. ಹಾಗಾಗಿ ಮಧ್ಯಸ್ಥಿಕೆಗೆ ಕೂರುವ ಮೊದಲು ನಾನು ಪ್ರತಿ ಸಲ ಕೇಳುತ್ತೇನೆ, ಈ ಹಣದಲ್ಲಿ ಪಾಲಿರುವವರು ಬೇರೆ ಯಾರಾದರೂ ಮನೆಯಲ್ಲಿ ಉಳಿದಿದ್ದಾರಾ ಎಂದು. ಹತ್ತರಲ್ಲಿ ಆರು ಸಲ ಒಬ್ಬ ತಂಗಿ ಇರುತ್ತಾಳೆ. ಆಕೆಗೆ ಹೇಳಿಕಳಿಸುತ್ತೇನೆ. ಎಲ್ಲ ಜಗಳಕ್ಕೂ ರಾಜಿಯೇ ಮದ್ದು ಎಂದು ನಾನು ಹೇಳುತ್ತಿಲ್ಲ. ಹೊಡೆತ, ಬೆದರಿಕೆ ಇರುವ ಕಡೆ ಮೊದಲು ರಕ್ಷಣೆ, ಆಮೇಲೆ ಮಾತು. ನಿಮ್ಮ ಕಾಗದಗಳನ್ನು ನೋಡಿದ ವಕೀಲರ ಸಲಹೆ ನನ್ನ ಅಂಕಣಕ್ಕಿಂತ ದೊಡ್ಡದು.

ಆಮೇಲೆ ಏನಾಯಿತು ಎಂದು ಕೇಳುವವರು ಕಡಿಮೆ. ಕಡಲ್ಗಳ್ಳರ ಕಥೆ ಹಡಗಿನ ಮೇಲೆಯೇ ಮುಗಿಯಬೇಕು ಎಂಬ ಆಸೆ ಎಲ್ಲರಿಗೂ. ಆಕೆ ಝಾಂಗ್ ಬಾವೊನ ಜೊತೆ ಸಂಸಾರ ಮಾಡಿದಳು, 1813ರಲ್ಲಿ ಮಗ ಹುಟ್ಟಿದ. ಗಂಡ ಸೈನ್ಯದಲ್ಲಿ ಮೇಲೇರುತ್ತ ಹೋಗಿ 1822ರಲ್ಲಿ ತೀರಿಕೊಂಡ. ಆಕೆ ಗ್ವಾಂಗ್‌ಡಾಂಗಿಗೆ ಮರಳಿ ಜೂಜಿನ ಮನೆ ನಡೆಸಿಕೊಂಡು ಇದ್ದಳು. ತೀರಿಕೊಂಡದ್ದು 1844ರಲ್ಲಿ, ಅರವತ್ತೊಂಬತ್ತರ ವಯಸ್ಸಿನಲ್ಲಿ. ಶರಣಾದ ಮೇಲೆ ಮೂವತ್ತನಾಲ್ಕು ವರ್ಷ ಬದುಕಿದಳು.

ಆ ಕೊನೆಯ ಕಾಲದ ಒಂದು ಘಟನೆಯನ್ನು ನನ್ನ ಕಿರಿಯ ವಕೀಲರಿಗೆ ಮಾತ್ರ ಹೇಳುತ್ತಿದ್ದೆ, ಇವತ್ತು ಇಲ್ಲಿ ಹೇಳುತ್ತೇನೆ. 1840ರಲ್ಲಿ, ಅಫೀಮು ಯುದ್ಧ ಕಾವೇರಿದ್ದ ವರ್ಷ, ಆಕೆ ಒಬ್ಬ ಸರ್ಕಾರಿ ಅಧಿಕಾರಿಯ ಮೇಲೆ ದೂರು ಕೊಟ್ಟಳು. ಆಸ್ತಿ ಕೊಂಡುಕೊಡಲು ಎಂದು ಝಾಂಗ್ ಬಾವೊ 1810ರಲ್ಲಿ ಅವನ ಕೈಗೆ 28,000 ತೇಲ್ (ತೇಲ್ ಎಂದರೆ ಚೀನೀ ತೂಕದ ಅಳತೆ) ಬೆಳ್ಳಿ ಕೊಟ್ಟಿದ್ದ, ಅವನು ಅದನ್ನು ನುಂಗಿದ ಎಂಬುದು ದೂರು. ಅದು ಚಕ್ರವರ್ತಿಯವರೆಗೆ ಹೋಗಿ ವಜಾ ಆಯಿತು.

ಸಣ್ಣ ಕೆಲಸಕ್ಕೂ ಬರಹ ಕೇಳುತ್ತಿದ್ದವಳು. ದೋಚಿದ ಪ್ರತಿ ಗಂಟನ್ನೂ ಪುಸ್ತಕಕ್ಕೆ ಹತ್ತಿಸಿದವಳು. ಅರವತ್ತೈದರ ಆ ಅಮ್ಮ ನನ್ನ ಮೇಜಿನ ಎದುರು ಕೂತಿದ್ದರೆ ಒಂದು ಲೋಟ ನೀರು ಕೊಟ್ಟು, ಯಾರನ್ನೂ ಕೇಳುವ ಹಾಗೆಯೇ ಎರಡು ಪ್ರಶ್ನೆ ಕೇಳುತ್ತಿದ್ದೆ. “ದುಡ್ಡು ಕೊಟ್ಟದ್ದಕ್ಕೆ ಬರಹದಲ್ಲಿ ಏನಾದರೂ ಇದೆಯಾ ಅಮ್ಮ? ಮೂವತ್ತು ವರ್ಷ ಯಾಕೆ ಸುಮ್ಮನಿದ್ದಿರಿ?”